ಕೂಲರ್ ಬದಲಿಸಿದೆ, ಕಂಪ್ಯೂಟರ್ ಮಿಸುಕುತ್ತಿಲ್ಲ!

ಕಂಪ್ಯೂಟರ್ ಪ್ರಶ್ನೋತ್ತರ

ಬೇಸಿಗೆ ಬಂತೆಂದರೆ ನನ್ನ ಟಪಾಲಿನಲ್ಲಿ ಒಂದೇ ರಾಗ. ಮಾರ್ಚ್‌ವರೆಗೆ ‘ಸ್ಲೋ ಆಗಿದೆ’ ಅನ್ನುವವರು ಏಪ್ರಿಲ್‌ನಲ್ಲಿ ‘ಬಿಸಿಯಾಗ್ತಿದೆ’ ಅನ್ನುತ್ತಾರೆ. ಮೇ ಹೊತ್ತಿಗೆ ‘ಕೂಲರ್ ಹಾಕಿದೆ, ಆನ್ ಆಗ್ತಿಲ್ಲ’. ಕೂಲರ್ ಅಂದರೆ ಇಲ್ಲಿ ಪ್ರೊಸೆಸರಿನ ಮೇಲೆ ಕೂತು ಅದರ ಬಿಸಿ ಇಳಿಸುವ ಸಾಧನ. ಈ ಸಲ ಅಂಥ ಪತ್ರಗಳನ್ನೇ ಒಟ್ಟಿಗೆ ತೆಗೆದುಕೊಂಡಿದ್ದೇನೆ. ತಿಪಟೂರಿನ ಪತ್ರಕ್ಕೆ ಜಾಸ್ತಿ ಜಾಗ ಹೋಗಿದೆ. ಅವರು ಮಾಡಿದ್ದನ್ನೆಲ್ಲ ಒಂದೂ ಬಿಡದೆ ಬರೆದಿದ್ದಾರೆ, ಅಂಥ ಪತ್ರ ಸಿಗುವುದು ಅಪರೂಪ. ‘ಏನೂ ಮಾಡಿಲ್ಲ ಮೇಡಂ, ತಾನಾಗೇ ನಿಂತೋಯ್ತು’ ಅನ್ನುವ ಪತ್ರಗಳಿಗೆ ಉತ್ತರ ಹೇಳಲು ಜ್ಯೋತಿಷ್ಯ ಬರಬೇಕು.

ಪ್ರಶ್ನೆ: ಮೇಡಂ, ನನ್ನದು ಫೋಟೋ ಸ್ಟುಡಿಯೋ. ಮದುವೆ ವಿಡಿಯೋ ಎಡಿಟಿಂಗ್‌ಗೆ ರೈಜೆನ್ 5 3600 ಸಿಸ್ಟಂ ಇದೆ. ರೆಂಡರ್‌ಗೆ (ಎಡಿಟ್ ಮುಗಿದ ವಿಡಿಯೋ ತಯಾರಿಸಲು) ಹಾಕಿದರೆ 95 ಡಿಗ್ರಿ ತೋರಿಸಿ ನಿಧಾನವಾಗುತ್ತಿತ್ತು. ಪ್ರೊಸೆಸರ್ ಜೊತೆ ಬಂದಿದ್ದ ಕೂಲರ್ ತೆಗೆದು ದೊಡ್ಡ ಟವರ್ ಕೂಲರ್ ಹಾಕಿದೆ. ಹಳೆಯದನ್ನು ಎಳೆದಾಗ ಪ್ರೊಸೆಸರ್ ಕೂಡ ಅಂಟಿಕೊಂಡೇ ಬಂದುಬಿಟ್ಟಿತು. ಬಿಡಿಸಿ ಮತ್ತೆ ಕೂರಿಸಿದೆ. ಕೂಲರಿನ ಸ್ಕ್ರೂ ಹಿಡಿಯುವ, ಮದರ್‌ಬೋರ್ಡಿನ ಹಿಂದಿನ ಪ್ಲೇಟ್ ಕಳಚಿ ಬಿದ್ದಿದ್ದರಿಂದ ಬೋರ್ಡನ್ನೇ ಹೊರಗೆ ತೆಗೆದು ಫಿಟ್ ಮಾಡಿದೆ. ಈಗ ಬಟನ್ ಒತ್ತಿದರೆ ಫ್ಯಾನಿಲ್ಲ, ಸದ್ದಿಲ್ಲ. ಬೋರ್ಡ್ ಮೇಲೆ ಒಂದು ಪುಟ್ಟ ಲೈಟ್ ಮಾತ್ರ ಉರಿಯುತ್ತಿದೆ. ಇಲ್ಲಿ ಒಂದು ಅಂಗಡಿಯಲ್ಲಿ ಕೇಳಿದರೆ, ತಂದು ತೋರಿಸುವ ಮೊದಲೇ ‘ಬೋರ್ಡ್ ಹೋಗಿದೆ, ಒಳಗೆಲ್ಲ ಕರೆಂಟ್ ಹಂಚುವ ಎಸ್‌ಎಂಪಿಎಸ್ಸೂ ಬದಲಿಸಿ’ ಅಂದರು. ಮೂರು ಮದುವೆಯ ಫೈಲು ಒಳಗಿದೆ. ಏನು ಮಾಡಲಿ? ಪ್ರೊಸೆಸರಿಗೂ ಕೂಲರಿಗೂ ನಡುವಿನ ಥರ್ಮಲ್ ಪೇಸ್ಟ್ ಸರಿಯಾಗಿ ಹಚ್ಚಿಲ್ಲದ್ದಕ್ಕೆ ಹೀಗಾಯಿತಾ?
– ಸ್ಟುಡಿಯೋ ಮಾಲೀಕರು, ತಿಪಟೂರು

ಉತ್ತರ: ಮೊದಲು ಮದುವೆ ಫೈಲುಗಳ ಚಿಂತೆ ಬಿಡಿ. ಫೈಲು ಇರುವುದು ಡಿಸ್ಕಿನಲ್ಲಿ, ನೀವು ಕೈ ಹಾಕಿದ್ದು ಬೋರ್ಡಿಗೆ. ಹುಡುಗಿ ಕಡೆಯವರು ಅಂಗಡಿ ಬಾಗಿಲಿಗೆ ಬಂದು ನಿಂತರೆ ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಾಕಿ ಕಾಪಿ ಮಾಡಿಕೊಳ್ಳಿ.

ಇನ್ನು ಆ ಪುಟ್ಟ ಲೈಟ್. ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಬೆಲೆ ಬಾಳುವ ಮಾತು ಅದೇ. ಪ್ಲಗ್ ಹಾಕಿ ಹಿಂದಿನ ಸ್ವಿಚ್ ಆನ್ ಮಾಡಿದ ಕೂಡಲೇ ಎಸ್‌ಎಂಪಿಎಸ್ಸು 5 ವೋಲ್ಟಿನ ಒಂದು ಲೈನನ್ನು ಬೋರ್ಡಿಗೆ ಕೊಡುತ್ತದೆ. ನೀವು ಬಟನ್ ಒತ್ತದೆ ಇದ್ದರೂ ಕೊಡುತ್ತದೆ. ಬಟನ್ ಒತ್ತಿದಾಗ ಎಚ್ಚರಿಸಲು ಯಾರಾದರೂ ಎದ್ದಿರಬೇಕಲ್ಲ, ಅದಕ್ಕೆ ಈ ಲೈನು. ನಿಮ್ಮ ಬೋರ್ಡಿನ ಲೈಟ್ ಉರಿಯುತ್ತಿರುವುದು ಅದರಿಂದಲೇ. ಅಂದರೆ ಗೋಡೆಯ ಕರೆಂಟು ಬರುತ್ತಿದೆ, ಪವರ್ ಕೇಬಲ್ ಸರಿಯಿದೆ, ಎಸ್‌ಎಂಪಿಎಸ್ ಹಿಂದಿನ ಗೀಟು–ಸೊನ್ನೆ ಸ್ವಿಚ್ಚು ಗೀಟಿನ ಕಡೆಗೇ ಇದೆ, 24 ಪಿನ್ನಿನ ದೊಡ್ಡ ಪ್ಲಗ್ ಅಷ್ಟೋ ಇಷ್ಟೋ ಕೂತಿದೆ. ಬೋರ್ಡೂ ಸತ್ತಿದೆ, ಎಸ್‌ಎಂಪಿಎಸ್ಸೂ ಸತ್ತಿದೆ ಅಂತ ಕಣ್ಣಲ್ಲಿ ನೋಡದೆ ಹೇಳಿದವರಿಗೆ ಈ ಲೈಟಿನ ವಿಷಯ ನೀವು ಹೇಳಿದ್ದಿರೋ ಇಲ್ಲವೋ ಗೊತ್ತಿಲ್ಲ. ಹೇಳಿದ್ದರೂ ಹಾಗೇ ಅಂದಿದ್ದರೆ ಅಲ್ಲಿಗೆ ಮತ್ತೆ ಹೋಗಬೇಡಿ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ನಿನ್ನೆವರೆಗೆ ಓಡುತ್ತಿದ್ದ ಸಿಸ್ಟಂ ಇವತ್ತು ಬಿಚ್ಚಿ ಜೋಡಿಸಿದ ಮೇಲೆ ನಿಂತಿದ್ದರೆ, ಪಾರ್ಟು ಸತ್ತಿರುವ ಸಾಧ್ಯತೆ ಕಡಿಮೆ. ನಿಮ್ಮ ಕೈ ಎಲ್ಲೆಲ್ಲಿ ಓಡಾಡಿತೋ ಅಲ್ಲೆಲ್ಲೋ ಒಂದು ಸಡಿಲವಾಗಿದೆ, ತಪ್ಪು ಜಾಗಕ್ಕೆ ಕೂತಿದೆ, ಇಲ್ಲವೇ ತಾಗಬಾರದ ಕಡೆ ತಾಗಿದೆ. ಇವನ್ನು ನೋಡಲು ದುಡ್ಡು ಬೇಕಿಲ್ಲ. ಒಂದು ಸ್ಕ್ರೂ ಡ್ರೈವರ್, ಒಂದು ಟಾರ್ಚು ಸಾಕು. ಇದೆಲ್ಲ ಮುಗಿಯುವ ತನಕ ಪಾರ್ಟು ಕೊಳ್ಳಲು ಬೆಂಗಳೂರಿನ ಎಸ್.ಪಿ. ರಸ್ತೆಯ ಬಸ್ಸು ಹತ್ತಬೇಡಿ.

‘ಆನ್ ಆಗುತ್ತಿಲ್ಲ’ ಅನ್ನುವುದರಲ್ಲಿ ಮೂರು ಬಗೆ ಇದೆ. ಜನ ಎಲ್ಲಕ್ಕೂ ಅದೇ ಮಾತು ಬಳಸುವುದರಿಂದ ಅರ್ಧ ದಿನ ದಾರಿ ತಪ್ಪುತ್ತದೆ. ಬಟನ್ ಒತ್ತಿದರೆ ಏನೇನೂ ಆಗದಿರುವುದು ಒಂದು. ಫ್ಯಾನು ಒಂದು ಗಳಿಗೆ ತಿರುಗಿದ ಹಾಗೆ ಮಾಡಿ ನಿಲ್ಲುವುದು ಇನ್ನೊಂದು. ಅದು ಬಹುತೇಕ ಎಲ್ಲೋ ಶಾರ್ಟ್ ಆಗಿ ಎಸ್‌ಎಂಪಿಎಸ್ ತನ್ನನ್ನು ತಾನೇ ಕಾಪಾಡಿಕೊಳ್ಳುತ್ತಿರುವ ಲಕ್ಷಣ. ಫ್ಯಾನು ತಿರುಗುತ್ತಲೇ ಇದ್ದು ಮಾನಿಟರ್ ಕಪ್ಪಾಗಿರುವುದು ಮೂರನೆಯದು. ಅದನ್ನು ಡಿಸ್‌ಪ್ಲೇ ಬರುತ್ತಿಲ್ಲ ಅನ್ನಬೇಕು, ಆನ್ ಆಗುತ್ತಿಲ್ಲ ಅನ್ನಬಾರದು. ನಿಮ್ಮದು ಮೊದಲನೆಯದು.

ಈ ಬಗೆಯಲ್ಲಿ ನನ್ನ ಮೊದಲ ಅನುಮಾನ ಕ್ಯಾಬಿನೆಟ್ ಮುಂದಿನ ಬಟನ್ನಿನಿಂದ ಬರುವ ಸಣ್ಣ ವೈರುಗಳ ಮೇಲೆ. ನೀವು ಬೋರ್ಡ್ ಹೊರಗೆ ತೆಗೆದಿದ್ದೀರಿ. ಹಾಗಾದರೆ ಆ ವೈರುಗಳನ್ನು ಕಿತ್ತೇ ತೆಗೆದಿರುತ್ತೀರಿ, ಆಮೇಲೆ ಅಂದಾಜಿನಲ್ಲಿ ಸಿಕ್ಕಿಸಿರುತ್ತೀರಿ. ಬೋರ್ಡಿನ ಕೆಳ ಅಂಚಿನಲ್ಲಿ ಎರಡು ಸಾಲು ಪಿನ್ನುಗಳಿವೆ ನೋಡಿ. ಒಂದು ಮೂಲೆಯಲ್ಲಿ ಪಿನ್ ಇರುವುದಿಲ್ಲ. ಬಹುಪಾಲು ಬೋರ್ಡುಗಳಲ್ಲಿ ಆ ಖಾಲಿ ಮೂಲೆಗೆ ಒತ್ತಿಕೊಂಡು, ಅದೇ ಸಾಲಿನಲ್ಲಿರುವ ಎರಡು ಪಿನ್ನು ಪವರ್ ಸ್ವಿಚ್ಚಿನದು. ಅದರ ಎದುರು ಸಾಲಿನ ಎರಡು ರಿಸೆಟ್ಟಿನದು. ಪವರ್ ಪಕ್ಕದಲ್ಲಿ ಉಳಿದ ಎರಡು ಪವರ್ ಲೈಟಿನದು, ಅದರ ಎದುರು ಹಾರ್ಡ್ ಡಿಸ್ಕ್ ಲೈಟಿನದು. ನಿಮ್ಮ ಬೋರ್ಡ್ ಮೇಲೆ ಪುಟ್ಟ ಅಕ್ಷರದಲ್ಲಿ ಅಚ್ಚಾಗಿರುತ್ತದೆ, ಅದನ್ನೇ ನಂಬಿ. ಕನ್ನಡಕ ಸಾಲದಿದ್ದರೆ ಫೋನಿನಲ್ಲಿ ಫೋಟೋ ತೆಗೆದು ಹಿಗ್ಗಿಸಿ ನೋಡಿ. ನೀವು ಫೋಟೋದವರೇ, ನಾನು ಹೇಳಬೇಕಾ?

ಸ್ವಿಚ್ಚಿನ ವೈರಿಗೆ ಪ್ಲಸ್ಸು ಮೈನಸ್ಸು ಇಲ್ಲ, ಹೇಗೆ ಹಾಕಿದರೂ ನಡೆಯುತ್ತದೆ. ಲೈಟುಗಳಿಗೆ ಇದೆ, ತಿರುಗಿಸಿ ಹಾಕಿದರೆ ಲೈಟ್ ಉರಿಯುವುದಿಲ್ಲ, ಅಷ್ಟೇ. ಈಗ ಮುಂದಿನ ವೈರುಗಳನ್ನೆಲ್ಲ ಕಿತ್ತುಬಿಡಿ. ಪವರ್ ಸ್ವಿಚ್ಚಿನ ಆ ಎರಡು ಪಿನ್ನುಗಳನ್ನು ಸ್ಕ್ರೂ ಡ್ರೈವರಿನ ತುದಿಯಿಂದ ಒಂದು ಕ್ಷಣ ಮುಟ್ಟಿಸಿ ಬಿಡಿ. ಬಟನ್ನು ಮಾಡುವ ಕೆಲಸವೂ ಇಷ್ಟೇ. ಅಲ್ಲಿ ಇರುವುದು ಸಣ್ಣ ವೋಲ್ಟೇಜ್, ಹೊಡೆಯುವುದಿಲ್ಲ. ಆದರೆ ಅವೆರಡನ್ನೇ ಮುಟ್ಟಿಸಿ, ಪಕ್ಕದವಕ್ಕೆ ಜಾರಬೇಡಿ. ಫ್ಯಾನ್ ತಿರುಗಿತೋ, ನಿಮ್ಮ ಕಷ್ಟ ಅರ್ಧ ಕಳೆಯಿತು. ಸ್ಕ್ರೂ ಡ್ರೈವರ್ ಹಿಡಿಯಲು ಭಯವಾದರೆ, ರಿಸೆಟ್ ಬಟನ್ ಇದ್ದ ಪಕ್ಷದಲ್ಲಿ ಅದನ್ನೊಮ್ಮೆ ಒತ್ತಿ ನೋಡಿ. ಎರಡು ಪ್ಲಗ್ ಅದಲುಬದಲಾಗಿದ್ದರೆ ಅದರಲ್ಲೇ ಆನ್ ಆಗುತ್ತದೆ.

ತಿರುಗಲಿಲ್ಲ ಅಂತಿಟ್ಟುಕೊಳ್ಳಿ. ಆಗ ಪ್ಲಗ್ ಕಿತ್ತು, ಬಟನ್ನನ್ನು ಒಂದೆರಡು ಸಲ ಒತ್ತಿ ಉಳಿದ ಕರೆಂಟು ಇಳಿಸಿ, ಒಳಗೆ ಕೈ ಹಾಕಿ. 24 ಪಿನ್ನಿನ ಪ್ಲಗ್ಗನ್ನು ಪೂರ್ತಿ ಹೊರಗೆಳೆದು ಮತ್ತೆ ಒತ್ತಿ, ಕ್ಲಿಪ್ ‘ಟಕ್’ ಅನ್ನಬೇಕು. ಇದು ಬಿಗಿಯಾದ ಪ್ಲಗ್ಗು. ಬೋರ್ಡ್ ಬಗ್ಗುತ್ತದೆ ಅನ್ನುವ ಭಯಕ್ಕೆ ಜನ ಅರ್ಧಕ್ಕೇ ಬಿಡುತ್ತಾರೆ. ಆಮೇಲೆ ಮೇಲಿನ ಎಡ ಮೂಲೆಯಲ್ಲಿರುವ ಪ್ರೊಸೆಸರಿನ 8 ಪಿನ್ ಪ್ಲಗ್ಗು. ಟವರ್ ಕೂಲರ್ ಕೂತ ಮೇಲೆ ಆ ಮೂಲೆ ಕಣ್ಣಿಗೇ ಬೀಳುವುದಿಲ್ಲ, ಕೈಯೂ ಹೋಗುವುದಿಲ್ಲ. ಅದು ಬಿಟ್ಟುಹೋಗಿದ್ದರೆ ಕೆಲವು ಬೋರ್ಡು ಫ್ಯಾನ್ ತಿರುಗಿಸಿ ಸುಮ್ಮನಾಗುತ್ತವೆ, ಕೆಲವು ಮಿಸುಕುವುದೂ ಇಲ್ಲ.

ಇದಾದ ಮೇಲೆ ನನಗೆ ನಿಜಕ್ಕೂ ಚಿಂತೆ ಇರುವ ಜಾಗಕ್ಕೆ ಬರುತ್ತೇನೆ. ಪ್ರೊಸೆಸರ್ ಕೂಲರಿಗೆ ಅಂಟಿಕೊಂಡು ಬಂತು ಅಂದಿರಲ್ಲ. ನಿಮ್ಮ ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ ಎಎಂ4 ಸಾಕೆಟ್. ಅದರಲ್ಲಿ ಪಿನ್ನುಗಳು ಇರುವುದು ಪ್ರೊಸೆಸರಿನ ಹೊಟ್ಟೆಗೆ, 1331 ಪಿನ್ನು. ಸಾಕೆಟ್ಟಿನ ಲಿವರ್ ಲಾಕ್ ಆಗಿದ್ದರೂ ಒಣಗಿದ ಪೇಸ್ಟಿನ ಹಿಡಿತ ಅದಕ್ಕಿಂತ ಗಟ್ಟಿ. ಹಾಗಾಗಿ ನೇರ ಎಳೆದರೆ ಕಿತ್ತುಕೊಂಡೇ ಬರುತ್ತದೆ. ಇಲ್ಲಿ ತುಮಕೂರಿನಲ್ಲಿ ಇಂಜಿನಿಯರಿಂಗ್ ಹುಡುಗರು ಪ್ರೊಸೆಸರನ್ನು ಕರ್ಚೀಫಿನಲ್ಲಿ ಸುತ್ತಿಕೊಂಡು ನನ್ನ ಅಂಗಡಿಗೆ ಬರುವುದು ಹೆಚ್ಚಾಗಿ ಇದೇ ಕಾರಣಕ್ಕೆ. ಮುಂದೆ ಕೂಲರ್ ತೆಗೆಯುವಾಗ ಸಿಸ್ಟಂ ಹತ್ತು ನಿಮಿಷ ಓಡಿಸಿ ಬಿಸಿ ಮಾಡಿ, ಆಫ್ ಮಾಡಿ ಪ್ಲಗ್ ಕೀಳಿ, ಸ್ಕ್ರೂ ಬಿಚ್ಚಿ. ಆಮೇಲೆ ಕೂಲರನ್ನು ಎಳೆಯದೆ ಎಡಕ್ಕೆ ಬಲಕ್ಕೆ ನಿಧಾನ ತಿರುವಿ. ಪೇಸ್ಟ್ ಸಡಿಲವಾಗಿ ಬಿಟ್ಟುಕೊಟ್ಟಿದ್ದು ಕೈಗೇ ಗೊತ್ತಾಗುತ್ತದೆ.

ಈಗ ಮಾಡಬೇಕಾದ್ದು: ಕೂಲರ್ ತೆಗೆದು, ಲಿವರ್ ಎತ್ತಿ, ಪ್ರೊಸೆಸರನ್ನು ಅಂಚಿನಲ್ಲಿ ಹಿಡಿದು ಹೊರಗೆ ತೆಗೆಯಿರಿ. ಕಣ್ಣ ಮಟ್ಟಕ್ಕೆ ಹಿಡಿದು, ಹಿಂದಿನಿಂದ ಟಾರ್ಚ್ ಬಿಟ್ಟು ಸಾಲುಗಳ ನಡುವೆ ನೋಡಿ. ನಾಲ್ಕೂ ಕಡೆ ತಿರುಗಿಸಿ ನೋಡಬೇಕು. ನೇರ ಇರುವ ಸಾಲಿನಲ್ಲಿ ಬೆಳಕು ಓಣಿಯ ಆ ಕೊನೆಯವರೆಗೆ ಕಾಣುತ್ತದೆ. ಬಾಗಿದ ಪಿನ್ ಇದ್ದರೆ ನಡುವೆ ಕಡ್ಡಿ ಅಡ್ಡ ಬಂದಂತೆ ತಡೆಯುತ್ತದೆ. ಎರಡು ಪಿನ್ ಒಂದಕ್ಕೊಂದು ತಾಗಿದ್ದರೆ ಬೋರ್ಡ್ ಆನ್ ಆಗಲು ಒಪ್ಪದೇ ಇರಬಹುದು. ಸೀಸ ತೆಗೆದ ಪೆನ್ ಪೆನ್ಸಿಲಿನ ತೂತನ್ನು ಆ ಪಿನ್ನಿಗೆ ತೊಡಿಸಿ ಕೂದಲೆಳೆಯಷ್ಟು ಕೂದಲೆಳೆಯಷ್ಟು ನೆಟ್ಟಗೆ ಮಾಡಿ. ಒಂದೇ ಸಲಕ್ಕೆ ತಂದರೆ ಮುರಿಯುತ್ತದೆ. ಪಿನ್ನುಗಳ ನಡುವೆ ಪೇಸ್ಟ್ ಸಿಕ್ಕಿದ್ದರೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಮೆತ್ತನೆ ಬ್ರಷ್ಷಿನಲ್ಲಿ ಬಿಡಿಸಿ. ಮತ್ತೆ ಕೂರಿಸುವಾಗ ಮೂಲೆಯ ಚಿನ್ನದ ಬಣ್ಣದ ತ್ರಿಕೋನ ಸಾಕೆಟ್ಟಿನ ತ್ರಿಕೋನಕ್ಕೆ ಸರಿಹೊಂದಬೇಕು. ಲಿವರ್ ಎತ್ತಿದ್ದರೆ ಪ್ರೊಸೆಸರ್ ತನ್ನ ಭಾರಕ್ಕೇ ಇಳಿಯುತ್ತದೆ. ಒತ್ತಬೇಕು ಅನ್ನಿಸಿದರೆ ಏನೋ ತಪ್ಪಿದೆ, ತೆಗೆದು ನೋಡಿ.

ಬೋರ್ಡ್ ಹೊರಗೆ ತೆಗೆದಿದ್ದೀರಿ ಅನ್ನುವ ಕಾರಣಕ್ಕೆ ಇನ್ನೊಂದು ಅನುಮಾನ ಇದೆ. ಕ್ಯಾಬಿನೆಟ್ ತಗಡಿನ ಮೇಲೆ ಹಿತ್ತಾಳೆಯ ಪುಟ್ಟ ಕಂಬಗಳಿರುತ್ತವೆ, ಬೋರ್ಡ್ ಅದರ ಮೇಲೆ ಕೂರುತ್ತದೆ. ಬೋರ್ಡಿನಲ್ಲಿ ತೂತಿಲ್ಲದ ಜಾಗದ ಕೆಳಗೆ ಒಂದು ಕಂಬ ಇದ್ದರೆ ಬೋರ್ಡಿನ ಬೆನ್ನಿಗೆ ತಾಗಿ ಶಾರ್ಟ್. ಬೋರ್ಡಿನ ಕೆಳಗೆ ಒಂದು ಸ್ಕ್ರೂ ಉರುಳಿ ಸೇರಿಕೊಂಡಿದ್ದರೂ ಅದೇ ಕತೆ. ಹಿಂದಿನ ಪ್ಲೇಟು ಓರೆಯಾಗಿ ಕೂತು ಬೆಸುಗೆ ಕಾಲುಗಳಿಗೆ ತಾಗಿದ್ದರೂ ಅದೇ. ಇದನ್ನು ಒಂದೊಂದಾಗಿ ಹುಡುಕುವುದಕ್ಕಿಂತ ಬೋರ್ಡನ್ನು ಹೊರಗೆ ತೆಗೆದು ಅದರ ರಟ್ಟಿನ ಡಬ್ಬದ ಮೇಲೆ ಇಟ್ಟುಬಿಡಿ. ಪ್ರೊಸೆಸರ್, ಕೂಲರ್, ಒಂದೇ ರ‍್ಯಾಮ್, ದೊಡ್ಡ ಪ್ಲಗ್ಗು, 8 ಪಿನ್ ಪ್ಲಗ್ಗು, ಇಷ್ಟೇ ಇರಲಿ. ಸ್ಕ್ರೂ ಡ್ರೈವರಿನಲ್ಲಿ ಪಿನ್ ಮುಟ್ಟಿಸಿ. ರಟ್ಟಿನ ಮೇಲೆ ಆನ್ ಆಗಿ ಕ್ಯಾಬಿನೆಟ್ಟಿನಲ್ಲಿ ಆಗದಿದ್ದರೆ ಕಳ್ಳ ಇರುವುದು ಕ್ಯಾಬಿನೆಟ್ಟಿನಲ್ಲಿ. ನಿಮ್ಮ 3600ರಲ್ಲಿ ಗ್ರಾಫಿಕ್ಸ್ ಇಲ್ಲ, ಹಾಗಾಗಿ ಮಾನಿಟರಿನಲ್ಲಿ ಏನಾದರೂ ಕಾಣಬೇಕಾದರೆ ಗ್ರಾಫಿಕ್ಸ್ ಕಾರ್ಡನ್ನೂ ಹಾಕಬೇಕು. ಫ್ಯಾನ್ ತಿರುಗುತ್ತದಾ ಇಲ್ಲವಾ ನೋಡಲು ಅದು ಬೇಡ.

ರಟ್ಟಿನ ಮೇಲೂ ಮಿಸುಕಲಿಲ್ಲ ಅಂದರೆ ಎಸ್‌ಎಂಪಿಎಸ್ಸನ್ನು ಒಂಟಿಯಾಗಿ ನೋಡಬಹುದು. ಎಲ್ಲ ಪ್ಲಗ್ಗು ಬಿಡಿಸಿ. ದೊಡ್ಡ ಪ್ಲಗ್ಗಿನಲ್ಲಿ ಹಸಿರು ವೈರಿಗೂ ಒಂದು ಕಪ್ಪು ವೈರಿಗೂ ಮಡಿಸಿದ ಪೇಪರ್ ಕ್ಲಿಪ್ ಸಿಕ್ಕಿಸಿ, ಆಮೇಲೆ ಕರೆಂಟ್ ಕೊಡಿ. ಈಗಿನ ಎಸ್‌ಎಂಪಿಎಸ್ಸುಗಳಲ್ಲಿ ಎಲ್ಲ ವೈರೂ ಕಪ್ಪಾದರೆ ಹೀಗೆ ಎಣಿಸಿ: ಕ್ಲಿಪ್ ಇರುವ ಕಡೆಯ ಸಾಲಿನಲ್ಲಿ ವೈರಿಲ್ಲದ ಒಂದು ಖಾಲಿ ತೂತು ಇರುತ್ತದೆ. ಅದರ ಒಂದು ಕಡೆ ನಾಲ್ಕು ತೂತು, ಇನ್ನೊಂದು ಕಡೆ ಏಳು. ಏಳು ಇರುವ ಕಡೆಗೆ ಎಣಿಸುತ್ತಾ ಹೋದರೆ ನಾಲ್ಕನೆಯದು ನಿಮಗೆ ಬೇಕಾದ್ದು. ಅದರ ಅಕ್ಕಪಕ್ಕದ ಎರಡೂ ಗ್ರೌಂಡ್. ಎಸ್‌ಎಂಪಿಎಸ್ ಫ್ಯಾನ್ ತಿರುಗಿದರೆ ಎದ್ದಿದೆ ಅಂತರ್ಥ. ಕೆಲವು ಒಳ್ಳೆ ಕಂಪನಿಯವು ಬಿಸಿಯಾಗುವ ತನಕ ಫ್ಯಾನ್ ತಿರುಗಿಸುವುದೇ ಇಲ್ಲ, ಅದಕ್ಕೆ ಕ್ಯಾಬಿನೆಟ್ಟಿನ ಒಂದು ಹಳೆ ಫ್ಯಾನ್ ತಗುಲಿಸಿ ನೋಡಿ. ಎಸ್‌ಎಂಪಿಎಸ್ ಡಬ್ಬ ಮಾತ್ರ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಮೇಲೆ ನಿಂತಿರಬಹುದು.

ಪೇಸ್ಟ್ ಸರಿಯಾಗಿ ಹಚ್ಚಿಲ್ಲದ್ದಕ್ಕೆ ಹೀಗಾಯಿತಾ ಅಂತ ಪತ್ರದ ಕೊನೆಯಲ್ಲಿ ಕೇಳಿದ್ದೀರಿ. ಇಲ್ಲ. ಪೇಸ್ಟ್ ಇಲ್ಲದಿದ್ದರೂ ಸಿಸ್ಟಂ ಆನ್ ಆಗುತ್ತದೆ, ಬಿಸಿಯೇರಿ ಆಮೇಲೆ ಆಫ್ ಆಗುತ್ತದೆ. ಮಿಸುಕದೇ ಇರುವುದಕ್ಕೂ ಪೇಸ್ಟಿಗೂ ಸಂಬಂಧ ಇಲ್ಲ.

(ಅಚ್ಚಿಗೆ ಹೋಗುವ ಮೊದಲೇ ಈ ಉತ್ತರವನ್ನು ಅವರಿಗೆ ಕಳಿಸಿದ್ದೆ, ಮದುವೆ ಮನೆಯವರು ಸಂಚಿಕೆ ಬರುವ ತನಕ ಕಾಯುವುದಿಲ್ಲವಲ್ಲ. ಅವರ ಪವರ್ ಸ್ವಿಚ್ಚಿನ ಪ್ಲಗ್ಗು ಎದುರು ಸಾಲಿನ ರಿಸೆಟ್ ಪಿನ್ನಿಗೆ ಕೂತಿತ್ತು. ಸರಿ ಮಾಡಿದ ಮೇಲೆ ಫ್ಯಾನ್ ತಿರುಗಿತು, ಡಿಸ್‌ಪ್ಲೇ ಬರಲಿಲ್ಲ. ಬೋರ್ಡಿನಲ್ಲಿ ರ‍್ಯಾಮ್ ತೊಂದರೆ ತೋರಿಸುವ ಲೈಟ್ ಹತ್ತಿಕೊಂಡಿತ್ತಂತೆ. ಕೂಲರಿನ ಮುಂದಿನ ಫ್ಯಾನು ಒಂದು ರ‍್ಯಾಮಿನ ತಲೆ ಮೇಲೆ ಒರಗಿಕೊಂಡು, ಅದು ಪೂರ್ತಿ ಇಳಿಯದ ಹಾಗೆ ಮಾಡಿತ್ತು. ಫ್ಯಾನನ್ನು ಕ್ಲಿಪ್ಪಿನಲ್ಲಿ ಒಂದು ಬೆರಳಷ್ಟು ಮೇಲೆ ಸರಿಸಿ, ರ‍್ಯಾಮ್ ಮತ್ತೆ ಒತ್ತಿದರು. ಪಿನ್ ಒಂದೂ ಬಾಗಿರಲಿಲ್ಲ, ಪುಣ್ಯ. ಈಗ ರೆಂಡರ್ ಹೊತ್ತಿನಲ್ಲಿ 75 ದಾಟುತ್ತಿಲ್ಲವಂತೆ. ಕ್ಯಾಬಿನೆಟ್ಟಿನ ಮುಂದಿನ ಜಾಲರಿಯನ್ನು ತಿಂಗಳಿಗೊಮ್ಮೆ ಬ್ರಷ್ ಮಾಡಿ ಅಂದಿದ್ದೇನೆ. ಕೊಬ್ಬರಿ ಮಂಡಿಯ ಊರು ಅದು, ನಾರಿನ ಧೂಳಿಗೆ ಯಾವ ಕೂಲರೂ ನಿಲ್ಲುವುದಿಲ್ಲ.)

ಪ್ರಶ್ನೆ: ಅಕ್ಕಾ, ಐ5 12400 ಸಿಸ್ಟಮ್ಮಿಗೆ ಸೆಕೆಂಡ್ ಹ್ಯಾಂಡ್ ವಾಟರ್ ಕೂಲರ್ ಹಾಕಿದೆ, 240 ಎಂಎಂದು. ಆನ್ ಆಗುತ್ತೆ, ಒಂದು ನಿಮಿಷದೊಳಗೆ ತಾನೇ ಆಫ್ ಆಗುತ್ತೆ. ಬಯೋಸ್‌ಗೆ (ಆನ್ ಆದ ಕೂಡಲೇ ಬರುವ ಸೆಟ್ಟಿಂಗ್ ಪರದೆ) ಹೋಗಿ ನೋಡಿದರೆ ಕಣ್ಣೆದುರೇ ಟೆಂಪರೇಚರ್ ಏರ‍್ತಾ ಇತ್ತು. ಪಂಪ್ ವೈರನ್ನು ಕೂಲರ್ ಜೊತೆ ಬಂದ, ಎಲ್ಲ ಫ್ಯಾನ್ ವೈರನ್ನೂ ಒಂದೆಡೆ ಸೇರಿಸುವ ಫ್ಯಾನ್ ಹಬ್ಬಿಗೆ ಹಾಕಿದ್ದೀನಿ. ಎಸ್‌ಎಂಪಿಎಸ್ ವೀಕಾ?
– ಡಿಪ್ಲೊಮಾ ವಿದ್ಯಾರ್ಥಿ, ಚಿಂತಾಮಣಿ

ಉತ್ತರ: ಎಸ್‌ಎಂಪಿಎಸ್ ಅಲ್ಲಪ್ಪಾ. ಟೆಂಪರೇಚರ್ ಏರುವುದನ್ನು ನೀನೇ ನೋಡಿದ್ದೀಯ. ಪ್ರೊಸೆಸರ್ ಸುಟ್ಟುಹೋಗಬಾರದು ಅಂತ ತಾನೇ ಆಫ್ ಆಗುತ್ತಿದೆ. ಪದೇ ಪದೇ ಆನ್ ಮಾಡಿ ಪರೀಕ್ಷೆ ಮಾಡುವುದನ್ನು ನಿಲ್ಲಿಸು.

ಎರಡು ಕಡೆ ನೋಡು. ಒಂದು ಪಂಪು. ಅದರ ವೈರು ಹಬ್ಬಿಗಲ್ಲ, ಬೋರ್ಡಿನಲ್ಲಿ ಪಂಪಿಗೆ ಅಂತಲೇ ಇರುವ ಪಿನ್ನಿಗೆ ಹೋಗಬೇಕು. ಅದಿಲ್ಲದಿದ್ದರೆ ಪ್ರೊಸೆಸರ್ ಫ್ಯಾನಿನ ಪಿನ್ನಿಗೆ. ಹಬ್ಬಿಗೆ ಹಾಕಿದರೆ ಫ್ಯಾನುಗಳ ಜೊತೆ ಪಂಪಿನ ವೇಗವೂ ಇಳಿಯಬಹುದು. ಹಬ್ಬಿಗೆ ಕರೆಂಟೇ ಬರದಿದ್ದರೆ ಪಂಪ್ ನಿಂತೇ ಇರುತ್ತದೆ. ಪಂಪ್ ಮೇಲೆ ಬೆರಳಿಟ್ಟರೆ ಸಣ್ಣಗೆ ನಡುಗುವುದು ಗೊತ್ತಾಗಬೇಕು. ನಡುಕವಿಲ್ಲ, ಒಂದು ಪೈಪು ಬಿಸಿ ಇನ್ನೊಂದು ತಣ್ಣಗೆ ಅಂದರೆ ನೀರು ಓಡುತ್ತಿಲ್ಲ. ಸೆಕೆಂಡ್ ಹ್ಯಾಂಡಿನಲ್ಲಿ ಪಂಪ್ ಸತ್ತದ್ದನ್ನು ಮಾರುವವರೂ ಇದ್ದಾರೆ. ಆದ್ದರಿಂದ ವಾಪಸ್ ಕೊಡುವ ಮಾತು ಆಗಿದ್ದರೆ ದಿನ ನೋಡಬೇಡ.

ಇನ್ನೊಂದು, ಕೂಲರನ್ನು ಬೋರ್ಡಿಗೆ ಬಿಗಿಯುವ ಬ್ರಾಕೆಟ್ಟು. ನಿನ್ನ ಪ್ರೊಸೆಸರ್ ಕೂರುವುದು ಎಲ್‌ಜಿಎ 1700 ಸಾಕೆಟ್ಟಿನಲ್ಲಿ, 2021ರಲ್ಲಿ 12ನೇ ಪೀಳಿಗೆಯ ಜೊತೆ ಬಂದದ್ದು. ಅದಕ್ಕೆ ಸ್ವಲ್ಪ ಹಿಂದಿನ ಮಾಮೂಲಿ ಇಂಟೆಲ್ ಬೋರ್ಡುಗಳಲ್ಲಿ ಕೂಲರಿನ ತೂತುಗಳ ನಡುವೆ 75 ಮಿಲಿಮೀಟರ್, ಇದರಲ್ಲಿ 78. ಪ್ರೊಸೆಸರಿನ ಎತ್ತರವೂ ಒಂಚೂರು ತಗ್ಗು. ಹಳೆ ಕೂಲರಿನ ಬ್ರಾಕೆಟ್ಟನ್ನು ಒತ್ತಾಯ ಮಾಡಿ ಕೂರಿಸಿದರೆ ಕೂತಂತೆ ಕಾಣುತ್ತದೆ, ತಳ ಪ್ರೊಸೆಸರಿಗೆ ತಾಗಿರುವುದೇ ಇಲ್ಲ. ಕೂಲರ್ ತೆಗೆದು ಪೇಸ್ಟಿನ ಗುರುತು ನೋಡು. ಸರಿಯಾಗಿ ಒತ್ತಿದ್ದರೆ ಪೇಸ್ಟ್ ತೆಳ್ಳಗೆ ಹರಡಿ ಎರಡೂ ಕಡೆ ಒಂದೇ ಥರ ಅಚ್ಚಾಗಿರುತ್ತದೆ. ನೀನು ಹಚ್ಚಿದ ಗುಂಡು ಗುಂಡಾಗಿಯೇ ಉಳಿದಿದ್ದರೆ ಬ್ರಾಕೆಟ್ಟಿನದೇ ತಪ್ಪು. ಆ ಕೂಲರ್ ಕಂಪನಿಯ 1700ರ ಬ್ರಾಕೆಟ್ ಬೇರೆ ಸಿಗುತ್ತದಾ ವಿಚಾರಿಸು. ಸಿಗದಿದ್ದರೆ ಪ್ರೊಸೆಸರ್ ಜೊತೆ ಬಂದ ಕೂಲರನ್ನೇ ಮತ್ತೆ ಹಾಕು. 12400ಕ್ಕೆ ಅದು ಧಾರಾಳ ಸಾಕು. ನಿನ್ನ ವಯಸ್ಸಿನವರಿಗೆ ಬಣ್ಣದ ಲೈಟು ಬೇಕು, ಅದು ಬೇರೆ ಮಾತು.

ಹಬ್ಬಿಗೆ ಕರೆಂಟ್ ಕೊಡಲು ಬೇರೆ ಎಸ್‌ಎಂಪಿಎಸ್ಸಿನ ಕೇಬಲ್ ತಂದು ಸಿಕ್ಕಿಸಿಲ್ಲ ತಾನೇ? ಬಿಚ್ಚಿ ಹಾಕುವ ಕೇಬಲ್ ಇರುವ ಎಸ್‌ಎಂಪಿಎಸ್ಸುಗಳಲ್ಲಿ ಎಸ್‌ಎಂಪಿಎಸ್ ಕಡೆಯ ತುದಿಗೆ ಎಲ್ಲ ಕಂಪನಿಗೂ ಒಂದೇ ನಿಯಮ ಅಂತ ಇಲ್ಲ. ಪ್ಲಗ್ ಚೆನ್ನಾಗಿಯೇ ಕೂರುತ್ತದೆ, ಒಳಗೆ 5 ವೋಲ್ಟ್ ಇರಬೇಕಾದಲ್ಲಿ 12 ಬರುತ್ತದೆ. ಹಾರ್ಡ್ ಡಿಸ್ಕ್ ಹೋಗುವುದು ಹೀಗೆ.

ಪ್ರಶ್ನೆ: ಲ್ಯಾಪ್‌ಟಾಪ್ ಫ್ಯಾನ್ ಸದ್ದು ಮಾಡುತ್ತಿತ್ತು. ಬಿಚ್ಚಿ ಧೂಳು ತೆಗೆದು, ಹೊಸ ಪೇಸ್ಟ್ ಹಾಕಿ, ಬ್ಯಾಟರಿ ವೈರ್ ಸಮೇತ ಎಲ್ಲ ಜೋಡಿಸಿದೆ. ಈಗ ಪೂರ್ತಿ ಡೆಡ್. ಬ್ಯಾಟರಿ ಮುಕ್ಕಾಲು ಇತ್ತು.
– ಶಿಕ್ಷಕಿ, ಮುಳಬಾಗಿಲು

ಉತ್ತರ: ಚಾರ್ಜರ್ ಹಾಕಿ ಒತ್ತಿ ನೋಡಿದಿರಾ? ತುಂಬ ಲ್ಯಾಪ್‌ಟಾಪುಗಳಲ್ಲಿ ಒಮ್ಮೆ ಬ್ಯಾಟರಿ ವೈರ್ ಬಿಡಿಸಿದರೆ, ಮತ್ತೆ ಚಾರ್ಜರಿನ ಕರೆಂಟು ಕಾಣುವ ತನಕ ಬ್ಯಾಟರಿ ಏನೂ ಕೊಡುವುದಿಲ್ಲ. ಮುಕ್ಕಾಲು ಇದ್ದರೂ ಅಷ್ಟೇ, ಪೂರ್ತಿ ಇದ್ದರೂ ಅಷ್ಟೇ. ಚಾರ್ಜರ್ ಹಾಕಿ ಐದು ನಿಮಿಷ ಬಿಟ್ಟು ಒತ್ತಿ.

ಅದಕ್ಕೂ ಏಳದಿದ್ದರೆ ಮತ್ತೆ ಬಿಚ್ಚಬೇಕು. ಪವರ್ ಬಟನ್ನಿನಿಂದ ಬರುವ ಚಪ್ಪಟೆ ಪಟ್ಟಿಯನ್ನು ನೋಡಿ. ಅದರ ಪ್ಲಗ್ಗಿಗೆ ರೆಪ್ಪೆ ಹಾಗೆ ತೆರೆದು ಮುಚ್ಚುವ ಲಾಕ್ ಇರುತ್ತದೆ. ರೆಪ್ಪೆ ಮುಚ್ಚಿದ್ದಾಗಲೇ ಪಟ್ಟಿಯನ್ನು ಒತ್ತಿ ತೂರಿಸಿದ್ದರೆ ತಾಗಿರುವುದಿಲ್ಲ. ರೆಪ್ಪೆ ಎತ್ತಿ, ಪಟ್ಟಿ ನೇರವಾಗಿ ಕೂರಿಸಿ, ಆಮೇಲೆ ಮುಚ್ಚಿ. ಬ್ಯಾಟರಿ ಪ್ಲಗ್ಗೂ ಪೂರ್ತಿ ಇಳಿದಿದೆಯಾ ನೋಡಿಬಿಡಿ. ಬಿಚ್ಚುವಾಗ ಮೊದಲು ಬ್ಯಾಟರಿ ಬಿಡಿಸಿ, ಕೂಡಿಸುವಾಗ ಅದನ್ನು ಕೊನೆಗೆ ಹಾಕಿ.

ಪ್ರಶ್ನೆ: ಥರ್ಮಲ್ ಪೇಸ್ಟ್ ಬದಲು ಟೂತ್‌ಪೇಸ್ಟ್ ನಡೆಯುತ್ತದೆ ಅಂತ ಸ್ನೇಹಿತ ಹೇಳಿದ. ನಿಜವಾ?
– ಓದುಗ, ಗುಬ್ಬಿ

ಉತ್ತರ: ಕೆಲವು ದಿನ ನಡೆಯುತ್ತದೆ. ಒಣಗಿ ಸುಣ್ಣವಾದ ಮೇಲೆ ನಡೆಯುವುದಿಲ್ಲ. ಬರೀ ಕಡಲೆಕಾಳಿನಷ್ಟು ಪೇಸ್ಟಿಗೆ ಇಷ್ಟೊಂದು ಲೆಕ್ಕಾಚಾರ ಯಾಕೆ? ಮಾಮೂಲಿ ಬೂದು ಬಣ್ಣದ ಪೇಸ್ಟ್ ತನ್ನಿ. ಲಿಕ್ವಿಡ್ ಮೆಟಲ್ ಅನ್ನುವುದನ್ನು ಯಾರಾದರೂ ಹೊಗಳಿ ಕೊಟ್ಟರೂ ಬೇಡ ಅನ್ನಿ. ಅದರಲ್ಲಿರುವ ಗ್ಯಾಲಿಯಂ ಅಲ್ಯೂಮಿನಿಯಂ ತಳದ ಕೂಲರನ್ನು ತಿಂದುಹಾಕುತ್ತದೆ. ಒಂದು ಹನಿ ಬೋರ್ಡಿಗೆ ಬಿದ್ದರೆ ಕರೆಂಟು ಹರಿದು ಶಾರ್ಟ್.

ಪ್ರಶ್ನೆ: ಫ್ಯಾನ್ ಹಾಕಲು ಕ್ಯಾಬಿನೆಟ್ ಬಿಚ್ಚಿದಾಗಿನಿಂದ ತಗಡು ಮುಟ್ಟಿದರೆ ಜುಮ್ ಅನ್ನುತ್ತದೆ. ಮೊದಲು ಹೀಗಿರಲಿಲ್ಲ. ಹೊಸ ಫ್ಯಾನಿನಿಂದ ಕರೆಂಟ್ ಲೀಕ್ ಆಗುತ್ತಿದೆಯಾ?
– ಗೃಹಿಣಿ, ಗೌರಿಬಿದನೂರು

ಉತ್ತರ: 12 ವೋಲ್ಟಿನ ಫ್ಯಾನಿಗೆ ಜುಮ್ ಅನ್ನಿಸುವ ತಾಕತ್ತಿಲ್ಲ. ಮೊದಲೂ ಹೀಗೇ ಇದ್ದಿರಬೇಕು, ಬರಿಗೈಯಲ್ಲಿ ತಗಡು ಮುಟ್ಟಿದ್ದು ಈಗ. ಇಲ್ಲವೇ ಕೆಲಸ ಮಾಡುವಾಗ ಪ್ಲಗ್ಗನ್ನು ಬೇರೆ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿದ್ದೀರಿ.

ಇದು ನಿಮ್ಮ ಮನೆಯ ಅರ್ಥಿಂಗ್ ಸಮಸ್ಯೆ. ಎಸ್‌ಎಂಪಿಎಸ್ ಒಳಗೆ ಗಲಾಟೆ ಸಿಗ್ನಲ್ ತಡೆಯಲು ಎರಡು ಪುಟ್ಟ ಕೆಪಾಸಿಟರ್ ಇರುತ್ತವೆ, ಒಂದು ಫೇಸಿನಿಂದ ತಗಡಿಗೆ, ಒಂದು ನ್ಯೂಟ್ರಲಿನಿಂದ ತಗಡಿಗೆ. ಪ್ಲಗ್ಗಿನ ಮೂರನೇ ಕಡ್ಡಿ ಭೂಮಿಗೆ ಸೇರಿದ್ದರೆ ಅಲ್ಲಿ ಬಂದ ಸಣ್ಣ ಕರೆಂಟು ಭೂಮಿಗೆ ಹೋಗಿಬಿಡುತ್ತದೆ. ಸೇರಿಲ್ಲದಿದ್ದರೆ ತಗಡು 230 ವೋಲ್ಟಿನ ಅರ್ಧದ ಆಸುಪಾಸಿನಲ್ಲಿ ತೇಲುತ್ತದೆ. ಕರೆಂಟು ತೀರಾ ಸಣ್ಣದು, ಅದಕ್ಕೇ ಜುಮ್ ಅನ್ನಿಸಿ ಬಿಡುತ್ತದೆ. ಆದರೆ ಅದೇ ಮನೆಯಲ್ಲಿ ಗ್ರೈಂಡರ‍್ರೋ ಗೀಸರ‍್ರೋ ನಿಜವಾಗಿ ಲೀಕ್ ಆದ ದಿನ ಇಷ್ಟಕ್ಕೆ ನಿಲ್ಲುವುದಿಲ್ಲ. ಹಾಗಾಗಿ ಇದನ್ನು ಕಂಪ್ಯೂಟರಿನ ತಕರಾರು ಅಂತ ತಳ್ಳಿಹಾಕಬೇಡಿ.

ಎಲೆಕ್ಟ್ರಿಷಿಯನ್ನರನ್ನು ಕರೆಸಿ ಪ್ಲಗ್ ಪಾಯಿಂಟಿನಲ್ಲಿ ಫೇಸಿಗೂ ಅರ್ಥಿಗೂ ನಡುವೆ ಮೀಟರ್ ಹಿಡಿಸಿ. 230ರ ಹತ್ತಿರ ತೋರಿಸಬೇಕು. ತೋರಿಸದಿದ್ದರೆ ವೈರು ಎಲ್ಲೋ ಕಡಿದಿದೆ, ಇಲ್ಲವೇ ಅಂಗಳದ ಅರ್ಥ್ ಗುಂಡಿ ಒಣಗಿದೆ. ನಿಮ್ಮ ಕಡೆ ಬೇಸಿಗೆಯಲ್ಲಿ ಅದು ಸಹಜ, ನೀರು ಹಾಕಿಸಿ ಮತ್ತೆ ನೋಡಲಿ. ಮೂರನೇ ತೂತಿಗೆ ವೈರೇ ಎಳೆಯದ ಮನೆಗಳೂ ಬೇಕಾದಷ್ಟಿವೆ. ಟೆಸ್ಟರ್ ಒಂದನ್ನೇ ಹಿಡಿದು ‘ಅರ್ಥ್ ಸರಿ ಇದೆ’ ಅಂದರೆ ಒಪ್ಪಬೇಡಿ. ಅರ್ಥ್ ವೈರ್ ಇಲ್ಲದಿದ್ದರೂ ಆ ತೂತಿನಲ್ಲಿ ಟೆಸ್ಟರ್ ಉರಿಯುವುದಿಲ್ಲ.

ಇದು ಸರಿಯಾಗುವ ತನಕ ಕ್ಯಾಬಿನೆಟ್ ಒಳಗೆ ಕೈ ಹಾಕುವ ಮುಂಚೆ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನೇ ಕೀಳಿ.